ಹಳೆಯ ಮೊಬೈಲು, ಹೊಸ ಮೊಬೈಲು: ಕೊಳ್ಳುವ ಮುನ್ನ ಯೋಚಿಸತಕ್ಕ ಮಾತು

ಈ ನಗರದಲ್ಲಿ ನಮ್ಮವರು ನಡೆಸುವ ಯಾವ ಹೋಟೆಲಿನ ಹಿಂಬದಿಯ ಕೊಠಡಿಗೆ ಹೋದರೂ ರಾತ್ರಿ ಹನ್ನೊಂದರ ಬಳಿಕ ಕಾಣುವ ದೃಶ್ಯ ಒಂದೇ. ಕೆಲಸ ಮುಗಿಸಿ ಮೈ ತೊಳೆದು ಬಂದ ಹುಡುಗರು ಒಂದೇ ಪ್ಲಗ್ಗಿಗೆ ನಾಲ್ಕು ತಂತಿಗಳನ್ನು ಜೋಡಿಸಿ, ಗೋಡೆಗೊರಗಿ ಕುಳಿತು, ಊರಿನವರೊಡನೆ ಮಾತನಾಡುತ್ತಿರುತ್ತಾರೆ. ಒಂದು ಕಾಲದಲ್ಲಿ ಇಂಥ ಕೊಠಡಿಗಳಿಂದ ತಿಂಗಳಿಗೊಂದು ಮನಿಯಾರ್ಡರೂ ಹದಿನೈದು ದಿನಕ್ಕೊಂದು ಕಾಗದವೂ ಊರಿಗೆ ಹೋಗುತ್ತಿದ್ದುವು. ಇಂದು ಆ ಎರಡೂ ಕೆಲಸಗಳನ್ನು ಅಂಗೈಯಗಲದ ಒಂದು ಯಂತ್ರವೇ ಮಾಡುತ್ತಿದೆ. ಆದುದರಿಂದ ಬಡ ನೌಕರನಿಗೆ ಸ್ಮಾರ್ಟ್‌ಫೋನು ಒಂದು ಶೋಕಿಯೆಂದು ಮೂಗು ಮುರಿಯುವವರ ಮಾತನ್ನು ನಾವು ಒಪ್ಪಲಾರೆವು.

ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಹೋಟೆಲಿನಲ್ಲಿಯೇ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಕುಂದಾಪುರದ ಕಡೆಯ ಒಬ್ಬ ಸಪ್ಲೈಯರ್ ಹುಡುಗನ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಹಣವನ್ನು ಕೂಡಲೇ ಕಳುಹಿಸಬೇಕಾಗಿತ್ತು. ಅವನ ಫೋನಿಗೆ ಏಳು ವರ್ಷ ವಯಸ್ಸು. ಹಣ ಕಳುಹಿಸುವ ಆ್ಯಪು ಕೆಲವು ವಾರಗಳಿಂದ ಏನೋ ಎಚ್ಚರಿಕೆ ತೋರಿಸುತ್ತಿದ್ದಿತಂತೆ. ಇಂಗ್ಲಿಷಿನಲ್ಲಿದ್ದುದರಿಂದ ಅವನು ಅದನ್ನು ಒರಸಿ ಮುಂದೆ ಹೋಗಿದ್ದನು. ಆ ರಾತ್ರಿ ಆ್ಯಪು ತೆರೆಯಲೇ ಇಲ್ಲ. ಬ್ಯಾಂಕಿನಲ್ಲಿ ಅವನದೇ ದುಡಿಮೆಯ ಹಣವಿದ್ದೂ ಅವನಿಗೆ ಅದು ಕೈಗೆಟುಕಲಿಲ್ಲ. ನಮ್ಮ ಫೋನಿನಿಂದ ಹಣ ಹೋಯಿತು, ತಾಯಿಯೂ ಗುಣವಾದರು. ಆದರೆ ಮರುದಿನ ಅವನು ಗಲ್ಲಾದ ಬಳಿ ನಿಂತು, “ಧಣಿಗಳೇ, ಯಾವ ಫೋನು ತಗೊಳ್ಳಲಿ?” ಎಂದು ಕೇಳಿದಾಗ ನಮಗೆ ಒಡನೆ ಉತ್ತರ ಹೇಳಲಾಗಲಿಲ್ಲ. ಆಮೇಲೆ ವಿಚಾರಿಸಿ ತಿಳಿದುದನ್ನು ಓದುಗ ಬಾಂಧವರ ಮುಂದಿಡುತ್ತಿದ್ದೇವೆ.

ಬೆಲೆಯೇಕೆ ಏರಿತು?

ಮೊದಲು ಪೇಟೆಯ ಪರಿಸ್ಥಿತಿಯನ್ನು ನೋಡೋಣ. ವರ್ಷ ಕಳೆದಂತೆ ಇಂಥ ಯಂತ್ರಗಳ ಬೆಲೆ ಇಳಿಯುವುದೇ ವಾಡಿಕೆ ಎಂದು ನಾವೆಲ್ಲ ನಂಬಿದ್ದೆವು. 2025ರ ಕೊನೆಯ ತಿಂಗಳುಗಳಲ್ಲಿ ಆ ನಂಬಿಕೆಗೆ ಪೆಟ್ಟು ಬಿದ್ದಿತು. ಫೋನಿನ ಒಳಗಿರುವ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರತೊಡಗಿತು. ಈ ಚಿಪ್ಪುಗಳ ಬಹುಪಾಲನ್ನು ತಯಾರಿಸುವವರು ಕೊರಿಯದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳು. ಕೃತಕ ಬುದ್ಧಿಮತ್ತೆಯ ಬೃಹತ್ ಗಣಕ ಕೇಂದ್ರಗಳು ಹೆಚ್ಚಿನ ಬೆಲೆ ಕೊಟ್ಟು ಮೆಮೊರಿಯನ್ನು ಖರೀದಿಸುತ್ತಿರುವುದರಿಂದ ಕಾರ್ಖಾನೆಗಳು ಆ ಕಡೆಗೇ ವಾಲಿದುವು. ದೊಡ್ಡ ಮದುವೆಯ ಗುತ್ತಿಗೆದಾರನು ಮುಂಜಾನೆಯೇ ಮಾರುಕಟ್ಟೆಯ ತೆಂಗಿನಕಾಯಿಗಳನ್ನೆಲ್ಲ ಎತ್ತಿಕೊಂಡು ಹೋದರೆ ಬೀದಿಯ ಸಣ್ಣ ಹೋಟೆಲಿನವನ ಚಟ್ನಿಗೆ ಬೆಲೆ ಏರುವುದಿಲ್ಲವೆ? ಇದೂ ಹಾಗೆಯೇ. ಅಗ್ಗದ ಫೋನಿನ ಒಟ್ಟು ವೆಚ್ಚದಲ್ಲಿ ಮೆಮೊರಿಯ ಪಾಲು ಹೆಚ್ಚು; ಆದುದರಿಂದ ಈ ಹೊಡೆತ ಲಕ್ಷ ರೂಪಾಯಿಯ ಫೋನು ಕೊಳ್ಳುವವನಿಗಿಂತ ಹತ್ತು ಹನ್ನೆರಡು ಸಾವಿರದ ಫೋನು ಕೊಳ್ಳುವವನಿಗೇ ಹೆಚ್ಚಾಗಿ ತಗಲುತ್ತದೆ.

ಇದರ ಮೇಲೆ ತೆರಿಗೆಯ ಹೊರೆ. 2020ರ ಏಪ್ರಿಲ್ 1ರಿಂದ ಮೊಬೈಲಿನ ಮೇಲಣ ಜಿಎಸ್‌ಟಿಯನ್ನು ನೂರಕ್ಕೆ 12ರಿಂದ 18ಕ್ಕೆ ಏರಿಸಲಾಯಿತು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ತೆರಿಗೆ ಸುಧಾರಣೆಯಲ್ಲಿ ಹವಾನಿಯಂತ್ರಣ ಯಂತ್ರಕ್ಕೂ ದೊಡ್ಡ ಟೆಲಿವಿಷನ್ನಿಗೂ 28ರಿಂದ 18ಕ್ಕೆ ಇಳಿತ ದೊರೆಯಿತು. ಮೊಬೈಲು ಮಾತ್ರ ಇದ್ದಲ್ಲಿಯೇ ಉಳಿಯಿತು. ಅಂದರೆ 15,000 ರೂಪಾಯಿ ತೆತ್ತು ಫೋನು ಒಯ್ಯುವ ಗುಮಾಸ್ತನು ಅದರಲ್ಲಿ ಸುಮಾರು 2,288 ರೂಪಾಯಿಗಳನ್ನು ಬೊಕ್ಕಸಕ್ಕೆ ಸಲ್ಲಿಸುತ್ತಿದ್ದಾನೆ. ಸರಕಾರವೇ ಹಣಪಾವತಿಯನ್ನು ಮೊಬೈಲಿಗೆ ಒಯ್ಯಿರೆಂದು ಉಪದೇಶಿಸುತ್ತಿರುವಾಗ ಈ ತೆರಿಗೆ ನಮಗೆ ಉಚಿತವಾಗಿ ಕಾಣುವುದಿಲ್ಲ. 2016ರಲ್ಲಿ ಆರಂಭವಾದ ಯುಪಿಐ ಪದ್ಧತಿಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಿನಲ್ಲಿ 2,000 ಕೋಟಿಗೂ ಮಿಕ್ಕಿ ವ್ಯವಹಾರಗಳು ನಡೆದಿವೆ. ಇಷ್ಟು ಅವಶ್ಯಕವಾದ ಸಾಧನವನ್ನು ಇನ್ನೂ ಭೋಗವಸ್ತುವೆಂಬಂತೆ ಕಾಣುವುದು ಸರಿಯಲ್ಲ.

ನಿಜವಾಗಿ ಹಳತಾದುದು ಯಾವುದು?

ಬೆಲೆ ಏರಿದ ಕಾಲದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಹೊಸದು ಬೇಕೇ ಬೇಕೇ ಎಂಬುದು. ಫೋನು ಮೂರು ವಿಧದಲ್ಲಿ ಮುಪ್ಪಾಗುತ್ತದೆ. ಒಂದು, ಬ್ಯಾಟರಿಯ ಮುಪ್ಪು. ಬೆಳಗ್ಗೆ ಪೂರ್ತಿ ತುಂಬಿಸಿದ್ದು ಮಧ್ಯಾಹ್ನದ ಊಟದ ಗದ್ದಲದೊಳಗೆ ಮುಗಿದುಹೋದರೆ ಬ್ಯಾಟರಿಯೊಂದನ್ನೇ ಬದಲಿಸಿದರೆ ಸಾಕು. ಹೊಸ ಫೋನಿನ ಬೆಲೆಯ ಸಣ್ಣದೊಂದು ಅಂಶದಲ್ಲಿ ಕೆಲಸವಾಗುತ್ತದೆ. ಆದರೆ ಬ್ಯಾಟರಿ ಉಬ್ಬಿ ಬೆನ್ನು ಎದ್ದಿದ್ದರೆ ಒಂದು ದಿನವೂ ತಡೆಯಬಾರದು. ಅದು ಬೆಂಕಿಯ ಅಪಾಯ. ಎರಡು, ಜಾಗವಿಲ್ಲದ ಮುಪ್ಪು. ದಿನಕ್ಕೆ ನೂರು ‘ಶುಭೋದಯ’ದ ಚಿತ್ರಗಳೂ ವಿಡಿಯೋಗಳೂ ತುಂಬಿ ಫೋನು ತೆವಳುತ್ತಿದ್ದರೆ ಅವನ್ನು ಅಳಿಸಿ ನೋಡಬೇಕು. ಗೋದಾಮು ಗುಡಿಸದೆ ಹೊಸ ಗೋದಾಮನ್ನು ಬಾಡಿಗೆಗೆ ಹಿಡಿಯುವವನು ವ್ಯಾಪಾರಿಯಲ್ಲ.

ಮೂರನೆಯದು ಮಾತ್ರ ಮದ್ದಿಲ್ಲದ ಮುಪ್ಪು. ತಯಾರಕರು ಫೋನಿನ ಮೂಲ ತಂತ್ರಾಂಶಕ್ಕೆ ಕೆಲವು ವರ್ಷಗಳವರೆಗೆ ರಕ್ಷಣೆಯ ತಿದ್ದುಪಡಿಗಳನ್ನು ಕಳುಹಿಸಿ ಆಮೇಲೆ ನಿಲ್ಲಿಸಿಬಿಡುತ್ತಾರೆ. ಫೋನು ಹೊರನೋಟಕ್ಕೆ ಗಟ್ಟಿಮುಟ್ಟಾಗಿಯೇ ಇರುತ್ತದೆ. ಆದರೆ ಕಳ್ಳರಿಗೆ ಗೊತ್ತಾದ ಕಂಡಿಗಳು ಮುಚ್ಚದೆ ಉಳಿಯುತ್ತವೆ. ಕ್ರಮೇಣ ಆ್ಯಪುಗಳೂ ಕೈಬಿಡುತ್ತವೆ. 2025ರ ಮೇ 5ರಿಂದ ಐಒಎಸ್ 15.1ಕ್ಕಿಂತ ಹಿಂದಿನ ತಂತ್ರಾಂಶವಿರುವ ಐಫೋನುಗಳಲ್ಲಿ ವಾಟ್ಸ್ಯಾಪ್ ನಿಂತುಹೋಯಿತು. ಒಂದು ಕಾಲದಲ್ಲಿ ಪ್ರತಿಷ್ಠೆಯ ವಸ್ತುವಾಗಿದ್ದ ಐಫೋನ್ 6 ಸಹ ಆ ಪಟ್ಟಿಯಲ್ಲಿದ್ದಿತು. ನಮ್ಮ ಹುಡುಗನಿಗೆ ಆ ರಾತ್ರಿ ಒದಗಿದ ವಿಪತ್ತು ಈ ಮೂರನೆಯ ಬಗೆಯದು. ಈ ಸ್ಥಿತಿ ತಲಪಿದ ಫೋನಿನಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳಬಾರದು. ಮದುವೆಯ ಕರೆಯೋಲೆ, ಸಾರಿಗೆ ಇಲಾಖೆಯ ದಂಡದ ಚೀಟಿ ಎಂಬ ವೇಷದಲ್ಲಿ ವಾಟ್ಸ್ಯಾಪಿಗೆ ಬರುವ ಎಪಿಕೆ ಕಡತವನ್ನು ಒತ್ತಿ ಹಣ ಕಳೆದುಕೊಂಡವರ ಸುದ್ದಿ ಪದೇ ಪದೇ ಬರುತ್ತಿದೆ. ಹೊಸ ಫೋನಾದರೂ ಅಂಥದನ್ನು ಮುಟ್ಟಬಾರದು. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೊಳ್ಳುವಾಗ ನೋಡತಕ್ಕದ್ದು

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳುತ್ತೇವೆ. ಕೆಲವು ವರ್ಷಗಳ ಹಿಂದೆ ದೀಪಾವಳಿಗೆ ನಮ್ಮ ನೌಕರರಿಗೆ ಫೋನುಗಳನ್ನು ಉಡುಗೊರೆಯಾಗಿ ಕೊಟ್ಟೆವು. ನಾಲ್ಕು ಕ್ಯಾಮರಾ, ಹೊಳೆಯುವ ಬೆನ್ನು, ಅಗ್ಗದ ಬೆಲೆ ನೋಡಿ ಆರಿಸಿದ್ದೆವು. ಒಂದೂವರೆ ವರ್ಷದೊಳಗೆ ಅವು ತೆವಳತೊಡಗಿದುವು, ತಿದ್ದುಪಡಿಗಳೂ ನಿಂತುವು. ಕೊಟ್ಟವರು ನಾವಾದುದರಿಂದ ಹುಡುಗರು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದನ್ನು ಹಾಲಿನ ವ್ಯಾಪಾರ ಬಲ್ಲ ನಾವೇ ಮರೆತಿದ್ದೆವು.

ಆದುದರಿಂದ ಅಂಗಡಿಯಲ್ಲಿ ಮೊದಲು ಕೇಳಬೇಕಾದುದು ಕ್ಯಾಮರಾದ ಮಾತಲ್ಲ, ಆಯುಸ್ಸಿನ ಮಾತು: ಈ ಮಾದರಿಗೆ ರಕ್ಷಣೆಯ ತಿದ್ದುಪಡಿ ಯಾವ ವರ್ಷದವರೆಗೆ? 2023ರ ಅಕ್ಟೋಬರಿನಲ್ಲಿ ಗೂಗಲ್ ಸಂಸ್ಥೆ ತನ್ನ ಪಿಕ್ಸೆಲ್ 8ಕ್ಕೂ, 2024ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಎಸ್24ಕ್ಕೂ ಏಳು ವರ್ಷಗಳ ಭರವಸೆ ಕೊಟ್ಟುವು. ಅವು ದುಬಾರಿ ಫೋನುಗಳು. ಆದರೆ 2024ರಲ್ಲಿಯೇ ಸ್ಯಾಮ್‌ಸಂಗಿನ ಎ16 ಎಂಬ ಸಾಧಾರಣ ಬೆಲೆಯ 5ಜಿ ಮಾದರಿಗೂ ಆರು ವರ್ಷಗಳ ಭರವಸೆ ಬಂದಿತು. ಅಂದರೆ ಮನಸ್ಸಿದ್ದರೆ ಇದು ಸಾಧ್ಯ. ಅನೇಕ ಅಗ್ಗದ ಮಾದರಿಗಳಲ್ಲಿ ಈ ಅವಧಿ ಎರಡು ಮೂರು ವರ್ಷಕ್ಕೇ ಮುಗಿಯುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಈ ಎಣಿಕೆ ಆರಂಭವಾಗುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿ ಪೇಟೆಗೆ ಬಂದ ದಿನದಿಂದ. ಹಬ್ಬದ ರಿಯಾಯಿತಿಯಲ್ಲಿ ಎರಡು ವರ್ಷ ಹಳೆಯ ಮಾದರಿಯನ್ನು ಕೊಳ್ಳುವವನು ಅರ್ಧ ಆಯುಸ್ಸನ್ನು ಮೊದಲೇ ಕಳೆದುಕೊಂಡಿರುತ್ತಾನೆ.

ಲೆಕ್ಕ ಹಾಕಿ ನೋಡಿರಿ. 12,000 ರೂಪಾಯಿಯ ಫೋನು ಎರಡು ವರ್ಷ ಬಾಳಿದರೆ ತಿಂಗಳಿಗೆ 500 ರೂಪಾಯಿ ಬಿದ್ದಿತು. 18,000ದ್ದು ಐದು ವರ್ಷ ಬಾಳಿದರೆ ತಿಂಗಳಿಗೆ 300 ಮಾತ್ರ. ಬೆಲೆಚೀಟಿಯಲ್ಲಿ ಅಗ್ಗವಾದುದು ಬಾಳಿಕೆಯಲ್ಲಿ ದುಬಾರಿಯಾಗುವುದು ಹೀಗೆ.

ಉಳಿದುದನ್ನು ಸಂಕ್ಷೇಪವಾಗಿ ಹೇಳುತ್ತೇವೆ. ರ್‍ಯಾಮ್ 6 ಜಿಬಿಗೆ ಕಡಿಮೆಯಿಲ್ಲದೆ, ಸಂಗ್ರಹ 128 ಜಿಬಿ ಇದ್ದರೆ ನಮ್ಮವರಿಗೆ ಸಾಕು. “4 ಜಿಬಿ ಇದೆ, ಇನ್ನೂ 4 ಜಿಬಿ ಕೂಡಿಸಬಹುದು” ಎಂಬ ಜಾಹೀರಾತಿಗೆ ಮರುಳಾಗಬಾರದು; ಅದು ಸಂಗ್ರಹದ ಒಂದು ಮೂಲೆಯನ್ನು ರ್‍ಯಾಮಿನಂತೆ ಬಳಸುವ ಉಪಾಯ, ನಿಜವಾದ ರ್‍ಯಾಮಿನ ವೇಗ ಅದಕ್ಕಿಲ್ಲ. 2022ರ ಅಕ್ಟೋಬರ್ 1ರಂದು ನಮ್ಮ ದೇಶದಲ್ಲಿ 5ಜಿ ಆರಂಭವಾಯಿತು. ಐದಾರು ವರ್ಷ ಇಟ್ಟುಕೊಳ್ಳುವ ಫೋನಾದರೆ ಅದಿರುವುದೇ ಲೇಸು. ಊರಿನ ಮನೆಯಲ್ಲಿ ಯಾವ ಸಂಸ್ಥೆಯ ಸಿಗ್ನಲ್ ಸಿಗುತ್ತದೆಂಬುದನ್ನೂ ವಿಚಾರಿಸಬೇಕು. 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್ ತನ್ನ ಸ್ವದೇಶಿ 4ಜಿಯನ್ನು ಉದ್ಘಾಟಿಸಿತು. ಬೇರೆ ಗೋಪುರಗಳಿಲ್ಲದ ಮಲೆನಾಡಿನ ಮೂಲೆಯ ಹಳ್ಳಿಯವರಿಗೆ ಇದು ಮುಖ್ಯ. ಮಗನ ಫೋನು ಮುಂಬಯಿಯಲ್ಲಿ ಓಡಿ ತಾಯಿಯ ಫೋನು ಊರಿನಲ್ಲಿ ಮೂಕವಾದರೆ ಪ್ರಯೋಜನವೇನು?

ಅಡುಗೆಮನೆಯಲ್ಲಿ ದುಡಿಯುವವರಿಗೊಂದು ಮಾತು. ಐಪಿ68 ಎಂಬ ಗುರುತು ನಿಂತ ಸಿಹಿನೀರಿನ ಪರೀಕ್ಷೆಗೆ ಸಂಬಂಧಿಸಿದ್ದು. ಇಡ್ಲಿ ಪಾತ್ರೆಯ ಹಬೆಗೂ ಸಾಬೂನಿನ ಬಿಸಿನೀರಿಗೂ ಅದು ಅಭಯಪತ್ರವಲ್ಲ. ನೀರು ಹೊಕ್ಕ ಫೋನಿಗೆ ಸಾಮಾನ್ಯವಾಗಿ ವಾರಂಟಿ ಸಿಗುವುದೂ ಇಲ್ಲ. ಕಾವಲಿಯ ಬಳಿಯ ಕಾವು ಬ್ಯಾಟರಿಯ ಆಯುಸ್ಸನ್ನು ತಿನ್ನುತ್ತದೆ. ಕೊನೆಯದಾಗಿ, ಅಂಗಡಿಯಲ್ಲಿ ನಿಂತೇ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಒತ್ತಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂದು ನೋಡಿರಿ. ಎಚ್ಚರಿಕೆಗಳು ಕನ್ನಡದಲ್ಲಿ ಬರುವಂತೆ ಭಾಷೆಯನ್ನು ಬದಲಿಸಿಕೊಳ್ಳಿರಿ. ಆ ಹುಡುಗನ ಪೇಚಾಟದ ಅರ್ಧ ಕಾರಣ ಅರ್ಥವಾಗದ ಭಾಷೆಯೇ ಆಗಿದ್ದಿತು.

ಕಂತು ಮತ್ತು ಸೆಕೆಂಡ್ ಹ್ಯಾಂಡ್

ನಮ್ಮವರಲ್ಲಿ ಹೆಚ್ಚಿನವರು ಫೋನು ಕೊಳ್ಳುವುದು ಕಂತಿನಲ್ಲಿ. ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕ ನೋಡಿ ಧರ್ಮಛತ್ರವೆಂದು ತಿಳಿಯಬಾರದು. ಸೊನ್ನೆ ಬಡ್ಡಿ ಎಂಬುದು ವಸ್ತುತಃ ಇಲ್ಲವೆಂದು 2013ರಲ್ಲಿಯೇ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಎಚ್ಚರಿಸಿದ್ದಿತು. ನಗದು ಕೊಟ್ಟವನಿಗೆ 14,000ಕ್ಕೆ ದೊರೆಯುವ ಫೋನು ಕಂತಿನವನಿಗೆ 15,000 ಆದರೆ ಆ ಸಾವಿರವೇ ಬಡ್ಡಿ. ಬಡ್ಡಿಯ ಮೇಲೆ ಜಿಎಸ್‌ಟಿ, ಸಾಲದ ಕಾಗದಪತ್ರದ ಶುಲ್ಕ, ಕಂತು ತಪ್ಪಿದರೆ ದಂಡ ಇವೆಲ್ಲ ಬೇರೆ. “ನಗದಿಗೆ ಎಷ್ಟು, ಕಂತಿಗೆ ಒಟ್ಟು ಎಷ್ಟು?” ಎಂಬ ಎರಡೇ ಪ್ರಶ್ನೆ ಕೇಳಿ, ಉತ್ತರವನ್ನು ಬರೆಯಿಸಿಕೊಳ್ಳಿರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದು ಅವಮಾನವೇನೂ ಅಲ್ಲ. ಮೋಸ ಹೋಗಬಾರದು, ಅಷ್ಟೆ. ಫೋನಿನಲ್ಲಿ \*#06# ಒತ್ತಿದರೆ 15 ಅಂಕೆಗಳ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರಕ್ಷರ ಬರೆದು, ಜಾಗ ಬಿಟ್ಟು ಆ ಸಂಖ್ಯೆಯನ್ನು 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಫೋನಿನ ಸಾಚಾತನ ತಿಳಿಯುತ್ತದೆ. ಕದ್ದ ಫೋನುಗಳನ್ನು ತಡೆಹಿಡಿಯುವ ವ್ಯವಸ್ಥೆ 2019ರ ಸೆಪ್ಟೆಂಬರಿನಲ್ಲಿ ಪ್ರಯೋಗರೂಪವಾಗಿ ಆರಂಭವಾದುದು ಮುಂಬಯಿಯಲ್ಲಿಯೇ. 2023ರ ಮೇ ತಿಂಗಳಿಂದ ಅದು ಸಂಚಾರ ಸಾಥಿ ತಾಣದ ಮೂಲಕ ದೇಶಕ್ಕೆಲ್ಲ ದೊರೆತಿದೆ. ಕದ್ದ ಮಾಲೆಂದು ತಿಳಿದೂ ಕೊಂಡವನಿಗೆ ಭಾರತೀಯ ನ್ಯಾಯ ಸಂಹಿತೆಯ 317ನೆಯ ವಿಧಿಯಂತೆ ಮೂರು ವರ್ಷಗಳವರೆಗೆ ಸೆರೆವಾಸವಾಗಬಹುದು. ರಸೀದಿಯಿಲ್ಲದ ಮಾಲು ಬೇಡ. ಹಿಂದಿನವನು ತನ್ನ ಗೂಗಲ್ ಖಾತೆಯನ್ನು ತೆಗೆಯದೆ ಕೊಟ್ಟ ಫೋನು ಬೀಗದ ಕೈ ಇಲ್ಲದ ಪೆಟ್ಟಿಗೆಯಂತೆ. ನೀವು ನಿಮ್ಮ ಹಳೆಯ ಫೋನನ್ನು ಕೊಡುವಾಗಲೂ ಬ್ಯಾಂಕಿನ ಆ್ಯಪು ಮತ್ತು ಖಾತೆಗಳನ್ನು ತೆಗೆದು, ಎಲ್ಲವನ್ನೂ ಅಳಿಸಿಯೇ ಕೊಡಬೇಕು. ಕೆಟ್ಟುಹೋದುದನ್ನು ಕಸದ ಬುಟ್ಟಿಗೆ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು.

ಯಾರ ಹೊಣೆ ಎಷ್ಟು?

ಇಷ್ಟೆಲ್ಲ ಎಚ್ಚರಿಕೆಯನ್ನು ಕೊಳ್ಳುವ ಬಡವನ ತಲೆಗೇ ಕಟ್ಟುವುದು ನ್ಯಾಯವಲ್ಲ. ಔಷಧದ ಶೀಶೆಯ ಮೇಲೆ ಅವಧಿ ಮುಗಿಯುವ ದಿನಾಂಕವಿದೆ, ಬ್ರೆಡ್ಡಿನ ಪೊಟ್ಟಣದ ಮೇಲೆಯೂ ಇದೆ. ಒಬ್ಬ ನೌಕರನ ತಿಂಗಳ ಪಗಾರವನ್ನೇ ನುಂಗುವ ಫೋನಿನ ಪೆಟ್ಟಿಗೆಯ ಮೇಲೆ ಏಕಿರಬಾರದು? ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ, ಮಾದರಿಯೊಂದರ ಮಾರಾಟ ನಿಂತ ಬಳಿಕವೂ ಕನಿಷ್ಠ ಐದು ವರ್ಷ ತಂತ್ರಾಂಶದ ತಿದ್ದುಪಡಿ ಕೊಡಬೇಕೆಂಬ ನಿಯಮ ಜಾರಿಯಾಗಿದೆ. ನಮ್ಮಲ್ಲಿ 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿನ ತಾಣ ತೆರೆಯಿತು. ಫೋನುಗಳ ದುರಸ್ತಿಯೋಗ್ಯತೆಗೆ ಅಂಕ ಕೊಡುವ ಬಗ್ಗೆ ನೇಮಿಸಿದ ಸಮಿತಿಯು 2025ರ ಮೇ ತಿಂಗಳಲ್ಲಿ ವರದಿ ಸಲ್ಲಿಸಿತು. ದಾರಿ ಸರಿಯಾದುದೇ, ನಡಿಗೆ ಚುರುಕಾಗಬೇಕು. ‘ರಕ್ಷಣೆಯ ತಿದ್ದುಪಡಿ ಇಂಥ ತಿಂಗಳವರೆಗೆ’ ಎಂದು ಪ್ರತಿಯೊಂದು ಪೆಟ್ಟಿಗೆಯ ಮೇಲೂ ದೇಶಭಾಷೆಯಲ್ಲಿ ಮುದ್ರಿಸಬೇಕೆಂಬುದು ನಮ್ಮ ಬೇಡಿಕೆ.

ಹೋಟೆಲು ಮಾಲಿಕ ಬಾಂಧವರಿಗೂ ಒಂದು ಮಾತಿದೆ. ನೌಕರನು ಹೊರಗಿನ ಸಾಲಗಾರನ ಬಾಗಿಲಿಗೆ ಹೋಗುವ ಬದಲು ಪಗಾರದ ಮುಂಗಡವಾಗಿ ಬಡ್ಡಿಯಿಲ್ಲದೆ ಹಣ ಕೊಟ್ಟು ಆರು ತಿಂಗಳಲ್ಲಿ ಹಿಡಿದುಕೊಂಡರೆ ನಮಗೇನೂ ನಷ್ಟವಿಲ್ಲ. ಕೊಠಡಿಯಲ್ಲಿ ನಾಲ್ಕು ಸರಿಯಾದ ಪ್ಲಗ್ಗುಗಳನ್ನು ಹಾಕಿಸಿಕೊಟ್ಟರೆ ಬೆಂಕಿಯ ಭಯವೂ ತಪ್ಪುತ್ತದೆ.

ನಮ್ಮ ಆ ಹುಡುಗನು ಎರಡು ತಿಂಗಳ ಉಳಿತಾಯಕ್ಕೆ ನಮ್ಮ ಮುಂಗಡವನ್ನು ಕೂಡಿಸಿ, ನಗದು ಕೊಟ್ಟು, ಮಧ್ಯಮ ಬೆಲೆಯ ಫೋನೊಂದನ್ನು ತಂದಿದ್ದಾನೆ. ತಂದ ದಿನವೇ ಅದರ ಪೆಟ್ಟಿಗೆಯ ಮೇಲೆ ತಿದ್ದುಪಡಿ ಮುಗಿಯುವ ವರ್ಷವನ್ನು ತಾನೇ ಪೆನ್ನಿನಿಂದ ಬರೆದು ಟ್ರಂಕಿನಲ್ಲಿ ಇಟ್ಟಿದ್ದಾನೆ. ತಯಾರಕರು ಮಾಡಬೇಕಾಗಿದ್ದ ಕೆಲಸ ಅದು. ಅವರು ಮಾಡುವವರೆಗೆ ನಮ್ಮ ಓದುಗರೂ ಹಾಗೆಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.