ಒಂದೇ ಜಾತಿ, ಐದು ಡಬ್ಬಿ

ಈ ವಾರದ ಪ್ರಶ್ನೆ ಏಳನೇ ತರಗತಿಯ ಹುಡುಗನೊಬ್ಬನದು. ಅವನ ಸೋದರಮಾವ ಜರ್ಮನಿಯಲ್ಲಿ ಕೆಲಸದಲ್ಲಿದ್ದಾರಂತೆ. ಊರಿಗೆ ಬಂದಾಗ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದರಂತೆ. ಅವರ ಪಕ್ಕದ ಮನೆಯವರ ಕಪಾಟಿನಲ್ಲಿ ಸಾಲಾಗಿ ಐದು ಪ್ಲಾಸ್ಟಿಕ್ ಡಬ್ಬಿ. ಒಂದೊಂದರಲ್ಲೂ ತೊಗರಿಬೇಳೆ ಗಾತ್ರದ ಒಂದು ಜೇಡರ ಮರಿ. “ಐದೂ ಒಂದೇ ಜಾತಿಯಂತೆ. ಬೇರೆ ಬೇರೆ ಬಣ್ಣದ್ದು ತಂದಿದ್ದರೆ ಚೆನ್ನಾಗಿರುತ್ತಿತ್ತಲ್ಲವಾ? ಒಂದೇ ಥರದ್ದು ಐದು ಯಾಕೆ?” ಎಂದು ಬರೆದಿದ್ದಾನೆ.

ಕೇಳಬೇಕಾದ ಪ್ರಶ್ನೆಯೇ. ಮೊದಲು ಆ ಜೇಡದ ಪರಿಚಯ ಮಾಡಿಕೊಳ್ಳೋಣ. ಅದರ ಹೆಸರು ಟರಾಂಟುಲಾ. ಮೈತುಂಬ ರೋಮವಿರುವ ದೊಡ್ಡ ಜೇಡ; ಪ್ರಪಂಚದಲ್ಲಿ ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಹೆಸರು ಬಂದದ್ದು ಇಟಲಿಯ ಟರಾಂಟೊ ಎಂಬ ಊರಿನಿಂದ. ತಮಾಷೆ ಎಂದರೆ ಆ ಊರಿನವರು ಟರಾಂಟುಲಾ ಎನ್ನುತ್ತಿದ್ದ ಜೇಡ ಬೇರೆಯೇ ಕುಟುಂಬದ್ದು. ಹೆಸರು ಮಾತ್ರ ಸಮುದ್ರ ದಾಟಿ ಅಮೆರಿಕಕ್ಕೆ ಹೋಗಿ, ಅಲ್ಲಿನ ರೋಮದ ಜೇಡಗಳಿಗೆ ಅಂಟಿಕೊಂಡಿತು. ಯುರೋಪ್, ಅಮೆರಿಕಗಳಲ್ಲಿ ನಾಯಿ, ಬೆಕ್ಕು ಸಾಕುವ ಹಾಗೆ ಇದನ್ನು ಸಾಕುವವರಿದ್ದಾರೆ. ಬೊಗಳುವುದಿಲ್ಲ, ಸೋಫಾ ಪರಚುವುದಿಲ್ಲ, ವಾರಕ್ಕೆ ಒಂದೆರಡು ಹುಳು ಹಾಕಿದರೆ ಸಾಕು. ಮುದ್ದು ಮಾಡುವಂತಿಲ್ಲ, ಅಷ್ಟೆ. (ನಮ್ಮ ಮನೆಯಾಕೆ ಈ ಸಾಲು ಓದಿ, “ಆ ಆಸೆ ಇಟ್ಟುಕೊಳ್ಳಬೇಡಿ” ಎಂದು ಈಗಲೇ ಹೇಳಿಬಿಟ್ಟಿದ್ದಾಳೆ.)

ಇವುಗಳಲ್ಲಿ ತುಂಬ ಹೆಸರುವಾಸಿಯಾದದ್ದು ಮೆಕ್ಸಿಕೊ ದೇಶದ ಕೆಂಪು ಮಂಡಿಯ ಜೇಡ. ಕಪ್ಪು ಕಾಲು, ಗಂಟುಗಳ ಹತ್ತಿರ ಕಿತ್ತಳೆ-ಕೆಂಪು ಬಣ್ಣ. ಸಿನಿಮಾದಲ್ಲಿ ದೊಡ್ಡ ಜೇಡ ತೋರಿಸಬೇಕಾದರೆ ಹಿಂದೆಲ್ಲ ಇದನ್ನೇ ಕರೆತರುತ್ತಿದ್ದರು. ಇದರ ಹೆಣ್ಣು 20–25 ವರ್ಷ ಬದುಕುತ್ತದೆ. ಗಂಡು? ಬೆಳೆದು ದೊಡ್ಡದಾಗಲು ಕೆಲವು ವರ್ಷ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ಅದು ಮನೆ ಬಿಟ್ಟು ಹೆಣ್ಣನ್ನು ಹುಡುಕಿಕೊಂಡು ಅಲೆಯಲು ಶುರುಮಾಡುತ್ತದೆ. ಊಟದ ಮೇಲೆ ಗಮನವಿಲ್ಲ, ಬಿಲದ ಮೇಲೆ ಗಮನವಿಲ್ಲ. ಆಮೇಲೆ ಒಂದು ವರ್ಷ ಉಳಿದರೆ ಹೆಚ್ಚು.

ಅಣ್ಣ, ತಂಗಿ ಇಬ್ಬರೂ ಒಂದೇ ಮೊಟ್ಟೆಚೀಲದಿಂದ ಬಂದವರು. ಆದರೂ ಆಯಸ್ಸಿನಲ್ಲಿ ಇಷ್ಟು ಅಂತರ!

ನಮ್ಮ ಹುಡುಗನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ. ಸಾಕುವವರಿಗೆ ಹೆಣ್ಣು ಬೇಕು. ಆದರೆ ತೊಗರಿಬೇಳೆಯಷ್ಟಿರುವ ಮರಿಯನ್ನು ಎಷ್ಟು ಹೊತ್ತು ನೋಡಿದರೂ ಗಂಡೋ ಹೆಣ್ಣೋ ಹೇಳಲಾಗದು. ಮಾರುವವರಿಗೂ ಗೊತ್ತಿರುವುದಿಲ್ಲ. ಕೋಳಿಮರಿಯ ರೆಕ್ಕೆ ನೋಡಿ ಹುಂಜವೋ ಹೇಂಟೆಯೋ ಎಂದು ಹೇಳುವ ಅಜ್ಜಿಯರೂ ಇಲ್ಲಿ ಸೋಲುತ್ತಾರೆ.

ಹಾಗಾದರೆ ಯಾವಾಗ ಗೊತ್ತಾಗುತ್ತದೆ? ಜೇಡಕ್ಕೆ ಎಲುಬು ಒಳಗಿಲ್ಲ, ಗಟ್ಟಿ ಚರ್ಮವೇ ಅದರ ಕವಚ. ಮೈ ಬೆಳೆದಂತೆ ಹಳೆಯ ಚರ್ಮ ಬಿಗಿಯಾಗುತ್ತದೆ. ಆಗ ಟರಾಂಟುಲಾ ಅಂಗಾತ ಮಲಗುತ್ತದೆ. ಹೊಸದಾಗಿ ಸಾಕುವವರು ಸತ್ತೇಹೋಯಿತೆಂದು ಗಾಬರಿಯಾಗುವುದು ಈ ಹೊತ್ತಿನಲ್ಲೇ. ಗಂಟೆಗಟ್ಟಲೆ ಹೆಣಗಾಡಿ ಕೈಗವಸು ತೆಗೆದ ಹಾಗೆ ಎಂಟೂ ಕಾಲುಗಳನ್ನು ಹಳೆಯ ಚರ್ಮದಿಂದ ಎಳೆದುಕೊಂಡು ಹೊರಬರುತ್ತದೆ. ಬಿಟ್ಟುಹೋದ ಪೊರೆಯನ್ನು ಸಾಕುವವರು ಎಸೆಯುವುದಿಲ್ಲ. ಅದರ ಹೊಟ್ಟೆಯ ಭಾಗ ಹಿಂಡಿದ ಬಟ್ಟೆಯಂತೆ ಮುದುರಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿದ ನೀರಿನಲ್ಲಿ ನೆನೆಸಿ, ಮೆತ್ತಗೆ ಬಿಡಿಸಿ, ಭೂತಗನ್ನಡಿ ಹಿಡಿದು ಒಳಭಾಗ ನೋಡುತ್ತಾರೆ. ಅಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿದ ಉಸಿರಾಟದ ಅಂಗಗಳ ನಾಲ್ಕು ಗುರುತುಗಳಿರುತ್ತವೆ. ಮುಂದಿನ ಜೋಡಿಯ ನಡುವೆ ಸಣ್ಣ ಚೀಲದಂಥ ಮಡಿಕೆ ಇದ್ದರೆ ಹೆಣ್ಣು. ಇಲ್ಲದಿದ್ದರೆ ಗಂಡು. ಆದರೆ ಈ ಮಡಿಕೆ ಕಣ್ಣಿಗೆ ಕಾಣುವಷ್ಟು ಮರಿ ಬೆಳೆಯಬೇಕು. ನಿಧಾನವಾಗಿ ಬೆಳೆಯುವ ಕೆಂಪು ಮಂಡಿಯಂಥ ಜಾತಿಗಳಲ್ಲಿ ಅದಕ್ಕೆ ವರ್ಷಗಳೇ ಬೇಕು.

ಈಗ ಲೆಕ್ಕಕ್ಕೆ ಬನ್ನಿ. ಮರಿಗಳಲ್ಲಿ ಗಂಡು, ಹೆಣ್ಣು ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ. ಒಂದೇ ಮರಿ ತಂದರೆ ನಾಣ್ಯ ಚಿಮ್ಮಿದ ಹಾಗೆ, ಹೆಡ್ ಅಥವಾ ಟೇಲ್. ಎರಡು ತಂದರೆ ಎರಡೂ ಗಂಡಾಗುವ ಸಂಭವ 4ರಲ್ಲಿ 1. ಮೂರು ತಂದರೆ 8ರಲ್ಲಿ 1. ಐದು ತಂದರೆ 32ರಲ್ಲಿ 1 ಮಾತ್ರ. ಅಂದರೆ ಐದು ಡಬ್ಬಿಯವರಿಗೆ ಒಂದಾದರೂ ಹೆಣ್ಣು ಸಿಗುವ ಸಂಭವ 32ರಲ್ಲಿ 31. ಆ ಪಕ್ಕದ ಮನೆಯವರು ಐದು ಜೇಡ ಕೊಂಡದ್ದು ಆಸೆಬುರುಕತನದಿಂದಲ್ಲ, ಲೆಕ್ಕ ಹಾಕಿಯೇ ಕೊಂಡಿರಬೇಕು.

ಇನ್ನೂ ಒಂದು ಕಾರಣವಿದೆ. ಅಷ್ಟು ಚಿಕ್ಕ ಮರಿಗಳು ನಾಜೂಕು. ಸ್ವಲ್ಪ ಒಣಗಿದರೂ ಕಷ್ಟ, ಪೊರೆ ಬಿಡುವಾಗ ಸಿಕ್ಕಿಹಾಕಿಕೊಂಡರೂ ಕಷ್ಟ. ಐದೂ ಬದುಕುತ್ತವೆ ಎಂದು ಯಾರೂ ನೆಚ್ಚಿಕೊಳ್ಳುವುದಿಲ್ಲ.

ಐದನ್ನೂ ಒಂದೇ ಡಬ್ಬಿಯಲ್ಲಿ ಬಿಟ್ಟರೆ ಆಟವಾಡಿಕೊಂಡಿರುವುದಿಲ್ಲವೇ ಎಂದು ನೀವು ಕೇಳಬಹುದು. ಕೆಲವು ದಿನ ಕಳೆದರೆ ಒಂದೇ ಉಳಿದಿರುತ್ತದೆ, ಅದೂ ದುಂಡಗೆ! ಹೆಚ್ಚಿನ ಟರಾಂಟುಲಾಗಳಿಗೆ ಒಡಹುಟ್ಟಿದವರೂ ಊಟವೇ. ಆದರೆ ಯೆಮನ್ ದೇಶಕ್ಕೆ ಸೇರಿದ ಸೊಕೊಟ್ರಾ ದ್ವೀಪದಲ್ಲಿ ನೀಲಿ ಕಾಲಿನ ಒಂದು ಜಾತಿಯಿದೆ. ಅದರ ತಾಯಿ ಮರಿಗಳನ್ನು ಓಡಿಸದೆ ಬಹಳ ಕಾಲ ಜೊತೆಯಲ್ಲೇ ಇಟ್ಟುಕೊಳ್ಳುತ್ತದೆ. ಅದನ್ನು ಸಾಕುವವರು ಒಂದೇ ತಾಯಿಯ ಹಲವು ಮರಿಗಳನ್ನು ಕೊಂಡು ಒಂದೇ ಪೆಟ್ಟಿಗೆಯಲ್ಲಿ ಒಟ್ಟು ಕುಟುಂಬವಾಗಿ ಬೆಳೆಸುತ್ತಾರೆ. ಅಲ್ಲೂ ಆಗಾಗ ಒಬ್ಬರು ಕಡಿಮೆಯಾಗುವುದುಂಟು.

ಮರಿ ಮಾಡಿಸಬೇಕೆನ್ನುವವರ ಪಾಡು ಬೇರೆ. ಅವರಿಗೆ ಗಂಡೂ ಬೇಕು, ಹೆಣ್ಣೂ ಬೇಕು, ಎರಡೂ ಒಂದೇ ಕಾಲಕ್ಕೆ ಪ್ರಾಯಕ್ಕೆ ಬರಬೇಕು. ಗಂಡು ಹೆಣ್ಣಿಗಿಂತ ಮೊದಲೇ ಬೆಳೆದು ನಿಲ್ಲುತ್ತದೆ. ತಂಗಿ ಇನ್ನೂ ಚಿಕ್ಕವಳಿರುವಾಗಲೇ ಅಣ್ಣನ ಕಾಲ ಮುಗಿದಿರುತ್ತದೆ. ಕಾಡಿನಲ್ಲಿ ಇದು ಒಳ್ಳೆಯದೇ, ಒಡಹುಟ್ಟಿದವರು ಜೋಡಿಯಾಗುವುದು ತಪ್ಪುತ್ತದೆ. ಮನೆಯಲ್ಲಿ ಮಾತ್ರ ತಲೆನೋವು. ಅದಕ್ಕೇ ಗಂಡಿಗೆ ಊಟ ಕಡಿಮೆ ಮಾಡಿ ಸ್ವಲ್ಪ ತಂಪಿನಲ್ಲಿ, ಹೆಣ್ಣಿಗೆ ಹೊಟ್ಟೆತುಂಬ ಹಾಕಿ ಬೆಚ್ಚಗೆ ಇಡುತ್ತಾರೆ. ಅದೇ ಜಾತಿಯ ಮರಿಗಳನ್ನು ಬೇರೆ ಬೇರೆ ತಾಯಿಯಿಂದ, ಬೇರೆ ಬೇರೆ ವರ್ಷ ಕೊಳ್ಳುವವರೂ ಇದ್ದಾರೆ. ಹೆಣ್ಣು ಸಿಗದೆ ಉಳಿದ ಗಂಡನ್ನು ಬೇರೆ ಊರಿನವರಿಗೆ ಕಳಿಸಿಕೊಡುತ್ತಾರೆ. ಮರಿಗಳಾದರೆ ಇಬ್ಬರೂ ಹಂಚಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಬೀಜದ ಹೋರಿಯನ್ನು ಒಂದೂರಿಂದ ಇನ್ನೊಂದೂರಿಗೆ ಒಯ್ಯುತ್ತಿದ್ದುದನ್ನು ಕಂಡ ಅಜ್ಜಂದಿರಿಗೆ ಇದು ಹೊಸದೆನಿಸದು. ಒಂದೇ ವ್ಯತ್ಯಾಸ, ಹೋರಿ ತಿರುಗಿ ಬರುತ್ತಿತ್ತು. ಗಂಡು ಜೇಡವನ್ನು ಹೆಣ್ಣು ತಿಂದುಬಿಟ್ಟರೆ ಕೇಳುವವರಿಲ್ಲ.

ಇಷ್ಟೆಲ್ಲ ಕಷ್ಟ ಯಾಕೆ, ದೊಡ್ಡದಾದ ಹೆಣ್ಣನ್ನೇ ಒಂದು ಕೊಂಡರಾಯಿತಲ್ಲ? ಹಿಂದೆ ಹಾಗೇ ಮಾಡುತ್ತಿದ್ದರು. ಮೆಕ್ಸಿಕೊದ ಕಾಡುಮೇಡಿನಲ್ಲಿ ಬಿಲದಿಂದ ಅಗೆದು ತೆಗೆದ ಕೆಂಪು ಮಂಡಿಯ ಜೇಡಗಳು ಹೊರದೇಶಗಳ ಅಂಗಡಿಗಳಿಗೆ ಹೋಗುತ್ತಿದ್ದವು. ಎಷ್ಟರಮಟ್ಟಿಗೆ ಎಂದರೆ 1985ರಲ್ಲಿ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅದನ್ನು ಸೇರಿಸಬೇಕಾಯಿತು. ಯೋಚಿಸಿ ನೋಡಿ: ವರ್ಷಗಟ್ಟಲೆ ಬೆಳೆದು, ಮುಂದೆ ಎಷ್ಟೋ ಸಲ ಮೊಟ್ಟೆ ಇಡಬಹುದಾಗಿದ್ದ ಒಂದು ಹೆಣ್ಣನ್ನು ತೆಗೆದರೆ ಆ ಬಿಲದ ಮುಂದಿನ ಮರಿಗಳೆಲ್ಲ ಹೋದ ಹಾಗೆಯೇ. ಸಾಕಿದ ತಾಯಿಯ ಒಂದು ಮೊಟ್ಟೆಚೀಲದಲ್ಲಿ ನೂರಾರು ಮರಿಗಳಿರುತ್ತವೆ. ಅದರಲ್ಲಿ ಐದು ಕೊಂಡರೆ ಕಾಡಿಗೆ ನಷ್ಟವಿಲ್ಲ. ಒಂದು ದೊಡ್ಡ ಕಾಡಿನ ಹೆಣ್ಣಿಗಿಂತ ಐದು ಗೊತ್ತಿಲ್ಲದ ಮರಿಗಳೇ ಮೇಲು ಎಂದು ನಾನು ಹೇಳುವುದು ಅದಕ್ಕೇ. ಕಾಯುವ ತಾಳ್ಮೆ ಬೇಕು, ಅಷ್ಟೆ.

ಇದು ನಮಗೆ ದೂರದ ಮಾತೂ ಅಲ್ಲ. ಬಳ್ಳಾರಿಯಿಂದ ರೈಲಿನಲ್ಲಿ ಗುಂತಕಲ್ಲು ದಾಟಿದರೆ ಗುತ್ತಿ ಎಂಬ ಊರು ಬರುತ್ತದೆ. ಅಲ್ಲಿ ಸಿಕ್ಕ ಕಡು ನೀಲಿ ಜೇಡವೊಂದನ್ನು ಪೊಕಾಕ್ ಎಂಬ ಇಂಗ್ಲಿಷ್ ವಿಜ್ಞಾನಿ 1899ರಲ್ಲಿ ಹೊಸ ಜಾತಿಯೆಂದು ದಾಖಲಿಸಿದರು. ಆಮೇಲೆ ನೂರು ವರ್ಷ ಅದರ ಸುದ್ದಿಯೇ ಇಲ್ಲ. 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ, ಹಳೆಯ ಮರಗಳ ಪೊಟರೆಯಲ್ಲಿ ಮತ್ತೆ ಕಾಣಿಸಿತು. ಗುತ್ತಿಗೆ ಅದು ರೈಲಿನಲ್ಲಿ ಸೌದೆಯ ಜೊತೆ ಬಂದಿರಬೇಕು ಎಂದು ಊಹೆ. ಅದರ ಕಾಡು 100 ಚದರ ಕಿಲೋಮೀಟರಿಗಿಂತ ಕಡಿಮೆ. ಅದೂ ಸೌದೆಗಾಗಿ ಸವೆಯುತ್ತಿದೆ. ಇತ್ತ ಯುರೋಪ್, ಅಮೆರಿಕಗಳ ಮನೆಗಳಲ್ಲಿ ಹುಟ್ಟಿದ ಅದರ ಮರಿಗಳು ಡಬ್ಬಿ ಡಬ್ಬಿಗಳಲ್ಲಿ ಸಿಗುತ್ತವೆ! ಇದನ್ನೂ ಸೇರಿಸಿ ಇದರ ಬಂಧುಗಳನ್ನೆಲ್ಲ 2019ರಲ್ಲಿ ಅದೇ ಸೈಟಿಸ್ ಪಟ್ಟಿಗೆ ಹಾಕಿದರು. ನಮ್ಮ ಪಶ್ಚಿಮ ಘಟ್ಟದ ಮರಗಳಲ್ಲೂ ಆ ಬಂಧುಗಳಿದ್ದಾರೆ. ಕಂಡರೆ ದೂರದಿಂದ ನೋಡಿ. ಮುಟ್ಟಬೇಡಿ, ಕಡಿದರೆ ಸಿಕ್ಕಾಪಟ್ಟೆ ನೋವು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಆಸ್ಟ್ರೇಲಿಯಾದಲ್ಲಿ ಬಿಲಕ್ಕೆ ಮುಚ್ಚಳ ಮಾಡಿಕೊಳ್ಳುವ ಜೇಡವೊಂದಿದೆ, ಟರಾಂಟುಲಾದ ದೂರದ ನೆಂಟ. ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ 1974ರಲ್ಲಿ ಅಂಥ ಜೇಡಗಳ ಬಿಲಗಳಿಗೆ ನಂಬರು ಹಾಕಿ ಲೆಕ್ಕ ಇಡತೊಡಗಿದರು. ಅದರಲ್ಲಿ 16ನೇ ನಂಬರಿನ ಹೆಣ್ಣು 2016ರವರೆಗೂ ಅದೇ ಬಿಲದಲ್ಲಿತ್ತು. ಸಾಯುವಾಗ ಅದಕ್ಕೆ 43 ವರ್ಷ. ಹಾಗಾಗಿ ಹೊರದೇಶದಲ್ಲಿರುವ ಮೊಮ್ಮಗ ಜೇಡ ಸಾಕುತ್ತೇನೆ ಎಂದು ಫೋನಿನಲ್ಲಿ ಹೇಳಿದರೆ ಬೈಯುವ ಮೊದಲು ಕೇಳಿ: ಹೆಣ್ಣಾದರೆ ನೀನು ಕಾಲೇಜಿಗೆ, ಕೆಲಸಕ್ಕೆ ಹೋದಾಗ ಹುಳು ಹಾಕುವವರು ಯಾರು? ನಾಲ್ಕು ಗಂಡಾದರೆ ಅವನ್ನು ಏನು ಮಾಡುತ್ತೀ?

ಮಕ್ಕಳಿಗೆ ಈ ವಾರದ ಕೆಲಸ: ಐದು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ. ಹೆಡ್ ಬಿದ್ದರೆ ಹೆಣ್ಣು, ಟೇಲ್ ಬಿದ್ದರೆ ಗಂಡು. 32 ಸಲ ಚಿಮ್ಮಿ, ಪ್ರತಿ ಸಲ ಎಷ್ಟು ಹೆಣ್ಣು ಎಂದು ಅಜ್ಜನ ಕೈಲಿ ಬರೆಸಿ. ಐದೂ ಗಂಡಾದದ್ದು ಎಷ್ಟು ಸಲ? ಒಂದೇ ಸಲ ಎನ್ನುತ್ತದೆ ಲೆಕ್ಕ, ಆದರೆ ನಾಣ್ಯಗಳು ಲೆಕ್ಕದ ಮಾತು ಕೇಳಲೇಬೇಕೆಂದಿಲ್ಲ. ನಿಮಗೆ ಬಂದ ಸಂಖ್ಯೆಯನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ಎಲ್ಲರದನ್ನೂ ಕೂಡಿಸಿ ಏನಾಯಿತೆಂದು ಮುಂದೊಂದು ವಾರ ಹೇಳುತ್ತೇನೆ.