ಹದಿನೇಳು ಗಂಟೆಯ ದೂರ

೨೦೨೧ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಬಂದಿದ್ದ ಮಗನನ್ನು ನಮ್ಮ ಬೀದಿಯ ವೃದ್ಧೆಯೊಬ್ಬರು ಕೇಳಿದರು: “ನಿಮ್ಮೂರು ಇಲ್ಲಿಗೆ ಎಷ್ಟು ದೂರವಪ್ಪ?” ಆತ ಹೇಳಿದ: “ಹದಿನೇಳೇ ಗಂಟೆ, ಅಮ್ಮ. ಬೆಂಗಳೂರಿಗೆ ನೇರ ವಿಮಾನ ಬಂದಿದೆಯಲ್ಲ!” ಕೇಳಿದ್ದು ದೂರವನ್ನು, ದೊರೆತ ಉತ್ತರ ಕಾಲದ್ದು.

ಇದರಲ್ಲಿ ಹೊಸತೇನೂ ಇಲ್ಲವೆನ್ನಬಹುದು. ಹರಿದಾರಿ, ಗಾವುದಗಳನ್ನು ಬಲ್ಲ ನಮ್ಮ ಹಿರಿಯರೂ ‘ಹೊತ್ತು ಮುಳುಗುವುದರೊಳಗೆ ಸೇರಬಹುದಾದ ಊರು’ ಎನ್ನುತ್ತಿದ್ದರು. ಇನ್ನೂ ಹತ್ತಿರವಾದರೆ ‘ಕೂಗಳತೆ’. ಆದರೆ ಆ ಅಳತೆಗಳಲ್ಲಿ ನಡೆಯುವವನ ಕಾಲೂ ಕೂಗುವವನ ಗಂಟಲೂ ಸೇರಿದ್ದವು. ವಿಮಾನದ ಗಂಟೆಗಳಲ್ಲಿ ಸೇರಿರುವುದು ವಿಮಾನ ಮಾತ್ರ.

ಆ ಗಂಟೆಗಳ ಲೆಕ್ಕ ಸ್ವಾರಸ್ಯವಾದದ್ದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡು ನಿಲ್ದಾಣಗಳ ನಡುವಣ ನೇರ ದೂರ ಸುಮಾರು ೧೪,೦೦೦ ಕಿಲೋಮೀಟರು. ಗೋಡೆಯ ನಕ್ಷೆಯನ್ನು ನಂಬಿದವರು ಸಾಗರದ ಮೇಲೆ ಅಡ್ಡಗೆರೆ ಎಳೆದಾರು. ಭೂಗೋಳದ ಮೇಲೆ ದಾರವನ್ನು ಬಿಗಿಹಿಡಿದರೆ ಅದು ಉತ್ತರ ಧ್ರುವದ ಬಳಿಗೆ ಸರಿಯುತ್ತದೆ. (ನಮ್ಮ ಎಷ್ಟೋ ಶಾಲೆಗಳಲ್ಲಿ ಆ ಗೋಳ ಬೀರುವಿನ ಮೇಲೆ ಧೂಳು ಹಿಡಿದಿರುವುದು ಬೇರೆ ಮಾತು.) ೨೦೨೧ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾದ ಮೊದಲ ನೇರ ವಿಮಾನ ಧ್ರುವವನ್ನೇ ಹಾದು ಬಂದಿತು. ಒಂಬತ್ತನೆಯ ತಾರೀಖು ರಾತ್ರಿ ಹತ್ತಿದವರು ಹನ್ನೊಂದರ ನಸುಕಿನಲ್ಲಿ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದರು. ಹತ್ತನೆಯ ತಾರೀಖಿನ ಬಹುಭಾಗವನ್ನು ನುಂಗಿದ್ದು ಎರಡು ಊರುಗಳ ಗಡಿಯಾರಗಳ ನಡುವಣ ಹದಿಮೂರೂವರೆ ಗಂಟೆಯ ಅಂತರ. ಹಿಂದಿರುಗುವಾಗ ಆ ಸಾಲ ತೀರುತ್ತಿತ್ತು: ಮಧ್ಯಾಹ್ನ ಬೆಂಗಳೂರನ್ನು ಬಿಟ್ಟವರಿಗೆ ಅದೇ ದಿನದ ಸಂಜೆ ಅಲ್ಲಿ ಕಾದಿರುತ್ತಿತ್ತು. ಇನ್ನು ಎತ್ತರದಲ್ಲಿ ಪಡುವಣದಿಂದ ಬೀಸುವ ಬಿರುಗಾಳಿ; ಅದು ಬೆನ್ನಿಗಿದ್ದರೆ ಗಂಟೆ ಕಡಿಮೆ, ಎದುರಾದರೆ ಹೆಚ್ಚು.

ದೂರ ಒಂದಂಗುಲವೂ ಬದಲಾಗದೆ ಕಾಲ ಮಾತ್ರ ಹಿಗ್ಗುವುದನ್ನು ಆ ತಾಯಿ ಬೇರೊಂದು ಬಗೆಯಲ್ಲಿ ಕಂಡಿದ್ದರು. ೨೦೨೦ರ ಮಾರ್ಚಿನಲ್ಲಿ ಭಾರತಕ್ಕೆ ಬರುವ ಹೊರದೇಶಗಳ ನಿಯತ ವಿಮಾನಗಳೆಲ್ಲ ನಿಂತವು. ಏಪ್ರಿಲಿನಲ್ಲಿ ಅವರ ಯಜಮಾನರು ತೀರಿಕೊಂಡರು. ಚಿತೆಗೆ ಬೆಂಕಿಯಿಟ್ಟವನು ಮೈದುನನ ಮಗ. ಸ್ವಂತ ಮಗ ಅದನ್ನು ಫೋನಿನ ಪರದೆಯಲ್ಲಿ ನೋಡಿದ. ಮರುವರ್ಷ ಅವನು ‘ಹದಿನೇಳೇ ಗಂಟೆ’ ಎಂದಾಗ ಆಕೆ ಏನೂ ಹೇಳದೆ ಒಳಗೆ ಹೋದುದನ್ನು ನಾನು ಕಂಡೆ. ಅವನದು ಸುಳ್ಳಲ್ಲ, ಸಮಾಧಾನ ಹೇಳುವ ಆತುರದಲ್ಲಿ ಲೆಕ್ಕವನ್ನು ತಪ್ಪು ಜಾಗದಿಂದ ಆರಂಭಿಸಿದ, ಅಷ್ಟೆ.

ವ್ಯಾಧಿ ಕಳೆದ ಮೇಲೂ ಆ ಲೆಕ್ಕ ಸರಿಹೋಗಿಲ್ಲ. ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ತಾಯಂದಿರಿಗೆ ದೂರವನ್ನು ಹೇಳುವುದಾದರೆ ಅದನ್ನು ಮನೆಯ ಹೊಸಲಿನಿಂದ ಎಣಿಸಿ ಹೇಳಬೇಕು. ರಜೆ ಸಿಗಲು ಎಷ್ಟು ದಿನ, ಟಿಕೆಟ್ಟಿಗೆ ಎಷ್ಟು ಹಣ, ಹೊರಟು ಬಂದರೆ ವೀಸಾದ ತೊಡಕಿಲ್ಲದೆ ಮತ್ತೆ ಅಲ್ಲಿಗೆ ಹೋಗಲಾದೀತೇ. ಆಮೇಲೆ, ಬೇಕಾದರೆ, ಆ ಹದಿನೇಳು ಗಂಟೆ.