ಕೆಂಪು ಷೂ, ಕಪ್ಪು ಉಗುರು

ನನ್ನ ಬಲಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿ ಕೂತಿದೆ ಮಹರಾಯರೇ! ಕಾರಣ ಹೇಳಿದರೆ ನಗ್ತೀರಿ. ನಗಿ, ಪರವಾಗಿಲ್ಲ.

ಕಳೆದ ಭಾನುವಾರ 'ದಿ ರೆಡ್ ಷೂಸ್' ಚಿತ್ರವನ್ನು ಮತ್ತೊಮ್ಮೆ ನೋಡಿದೆ. 1948ರ ಬ್ರಿಟಿಷ್ ಚಿತ್ರ. ಮೈಕೇಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಜೋಡಿಯ ಕೈವಾಡ. ಅದರ ಬ್ಯಾಲೆ ದೃಶ್ಯದಲ್ಲಿ ಕೆಂಪು ಷೂಗಳು ನೆಲದ ಮೇಲೆ ತಾವಾಗಿಯೇ ನಿಂತಿರುತ್ತವೆ. ನಾಯಕಿ ಮೊಯಿರಾ ಷಿಯರರ್ ಓಡಿ ಬಂದು ಹಾರುತ್ತಾಳೆ. ಕಣ್ಣು ಮಿಟುಕಿಸುವುದರೊಳಗೆ ಷೂ ಕಾಲಲ್ಲಿ! ರಿಬ್ಬನ್ನು ಕಟ್ಟಿದ್ದೂ ಆಯ್ತು, ಕುಣಿತ ಶುರುವಾದದ್ದೂ ಆಯ್ತು.

ಇಷ್ಟೇನಾ ಅಂತ ನಾನೂ ಎದ್ದೆ. ಬರಿಗಾಲಲ್ಲಿ ಗೋಡೆ ಹಿಡಿದು ಬೆರಳ ತುದಿಯ ಮೇಲೆ ನಿಂತೆ. ಎರಡು ಸೆಕೆಂಡು ಹೀರೋ! ಮೂರನೆಯ ಸೆಕೆಂಡಿಗೆ ಮಂಚದ ಕಾಲಿಗೂ ನನ್ನ ಕಾಲಿಗೂ ಭರ್ಜರಿ ಫೈಟಿಂಗ್. ಗೆದ್ದದ್ದು ಮಂಚ.

ಕಾಲು ನೀಡಿಕೊಂಡು ಕೂತಾಗ ಯೋಚನೆ ಬಂತು. ಆ ಒಂದು 'ಕಟ್' ನಮ್ಮಿಂದ ಎಷ್ಟನ್ನು ಮುಚ್ಚಿಡುತ್ತದೆ ನೋಡಿ!

ಆ ಷೂಗೆ ಪಾಯಿಂಟ್ ಷೂ ಅಂತ ಹೆಸರು. ಒಳಗೆ ಮರದ ತುಂಡು ಇಟ್ಟಿರ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಹಾಗೇನಿಲ್ಲ. ಸಾಂಪ್ರದಾಯಿಕ ಷೂನಲ್ಲಿ ಬಟ್ಟೆ ಮತ್ತು ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿರುತ್ತಾರೆ. ಬೆರಳು ಕೂರುವ ಆ ಭಾಗವೇ 'ಬಾಕ್ಸ್'. ಪಾದದ ಕೆಳಗೆ ಗಟ್ಟಿಯಾದ ಪಟ್ಟಿ, ಅದು 'ಷ್ಯಾಂಕ್'. ಮೇಲೆ ಮಿರಿಮಿರಿ ಮಿಂಚುವ ಸ್ಯಾಟಿನ್. ಅಷ್ಟೇ ಸ್ವಾಮಿ!

ಹೊಸ ಷೂ ಹಲಗೆಯಂತಿರುತ್ತದೆ. ಹೆಜ್ಜೆಯಿಟ್ಟರೆ ಟಕಟಕ ಸದ್ದು. ಅದನ್ನು ಪಳಗಿಸಬೇಕು. ನರ್ತಕಿಯರು ಷ್ಯಾಂಕನ್ನು ಕೈಯಲ್ಲಿ ಬಗ್ಗಿಸ್ತಾರೆ, ಬಾಕ್ಸನ್ನು ಗೋಡೆಗೋ ಮೆಟ್ಟಿಲಿಗೋ ಬಡೀತಾರೆ, ಕೆಲವರು ಬಾಗಿಲ ಸಂದಿಯಲ್ಲಿಟ್ಟು ಅಮುಕ್ತಾರೆ. ಜಾರದಿರಲಿ ಅಂತ ಅಡಿಭಾಗವನ್ನು ಗೀರ್ತಾರೆ. ರಿಬ್ಬನ್ನನ್ನು ಸ್ವಂತ ಕೈಯಿಂದಲೇ ಹೊಲೀತಾರೆ. ಇಷ್ಟೆಲ್ಲಾ ಮಾಡಿದ ಜೊತೆ ಷೂ ಒಂದೇ ಪ್ರದರ್ಶನಕ್ಕೆ ಮೆತ್ತಗಾಗಿ ಮೂಲೆ ಸೇರುವುದೂ ಉಂಟು!

ಷೂ ಕಥೆ ಹೀಗಾದರೆ, ಕಾಲಿನ ಕಥೆ ಇನ್ನೂ ಉದ್ದ. ಹುಡುಗಿಯರಿಗೆ ಮೊದಲ ಕೆಲವು ವರ್ಷ ಆ ಷೂ ಕೊಡುವುದೇ ಇಲ್ಲ. ಮೆತ್ತನೆ ಚಪ್ಪಲಿಯಂಥದ್ದು ಹಾಕಿ, ಪಾದವನ್ನು ನೆಲಕ್ಕೆ ಉಜ್ಜುತ್ತಾ ಮುಂದೆ ಚಾಚುವುದನ್ನು ಕಲಿಸುತ್ತಾರೆ. ಮೊದಲು ಹಿಮ್ಮಡಿ ಏಳಬೇಕು, ಆಮೇಲೆ ಪಾದದ ಮುಂಭಾಗ, ಕೊನೆಗೆ ತುದಿಬೆರಳು ಮಾತ್ರ ನೆಲಕ್ಕೆ. ವಾಪಸ್ ಬರುವಾಗಲೂ ಅದೇ ಹಾದಿ. ದಿನಾ ಇದೇ ಪಾಠ. ಸಾಮಾನ್ಯವಾಗಿ 11-12 ವಯಸ್ಸಿಗೆ ಮೊದಲು ಪಾಯಿಂಟ್ ಷೂ ಇಲ್ಲ. ಕಾಲು, ಮೈ ಎರಡೂ ಗಟ್ಟಿಯಾಗಿವೆ ಅಂತ ಗುರುಗಳಿಗೆ ಖಾತ್ರಿಯಾಗಬೇಕು.

ಷೂ ಸಿಕ್ಕಿದ ಮೇಲೂ ಮೊದಮೊದಲು ಎರಡು ಕೈಯಲ್ಲಿ ಕಂಬಿ ಹಿಡಿದು ಕೆಲವೇ ನಿಮಿಷ ಏರುವುದು, ಇಳಿಯುವುದು. ಧೊಪ್ಪನೆ ಇಳಿದರೆ ಬೈಗುಳ. ನಿಧಾನವಾಗಿ ಇಳಿಯುವುದೇ ವಿದ್ಯೆ. ಷೂ ಒಳಗೆ ಬೆರಳು ಮುಷ್ಟಿಯ ಹಾಗೆ ಮಡಚಬಾರದು, ನೆಟ್ಟಗಿರಬೇಕು. ಕಾಲ್ಗಿಣ್ಣು ಒಂದು ಕಡೆ ವಾಲಿದರೆ ಉಳುಕು ಗ್ಯಾರಂಟಿ. ಮೈಭಾರವನ್ನೆಲ್ಲಾ ಷೂ ಮೇಲೆ ಸುರಿಯುವ ಹಾಗಿಲ್ಲ; ಹೊಟ್ಟೆ, ತೊಡೆ, ಮೀನಖಂಡ ಎಲ್ಲಾ ಸೇರಿ ಮೇಲಕ್ಕೆ ಎಳೆದು ಹಿಡೀಬೇಕು. ಬೊಬ್ಬೆ, ಸಿಪ್ಪೆ ಸುಲಿದ ಬೆರಳು, ಕಪ್ಪು ಉಗುರು... ಇವೆಲ್ಲಾ ಫ್ರೀ!

1832ರಲ್ಲಿ ಪ್ಯಾರಿಸ್ಸಿನಲ್ಲಿ ಮಾರಿ ಟಾಲಿಯೋನಿ 'ಲಾ ಸಿಲ್ಫಿಡ್' ಕುಣಿದಾಗ ಈ ಗಟ್ಟಿ ಬಾಕ್ಸೂ ಇರಲಿಲ್ಲ. ಮೆತ್ತನೆ ಸ್ಯಾಟಿನ್ ಷೂ, ತುದಿಗೆ ದಾರದ ಹೊಲಿಗೆ. ಅಂದ ಮೇಲೆ ಅವಳನ್ನು ಎತ್ತಿ ನಿಲ್ಲಿಸಿದ್ದು ಯಾವುದು? ಷೂ ಅಲ್ಲ, ಕಾಲು!

ಇನ್ನು 2010ರ 'ಬ್ಲ್ಯಾಕ್ ಸ್ವಾನ್' ವಿಷಯ. ಸುಮಾರು ಒಂದು ವರ್ಷ ಬೆವರು ಸುರಿಸಿ ತಯಾರಾದ ನಟಾಲಿ ಪೋರ್ಟ್‌ಮನ್‌ಗೆ ಶ್ರೇಷ್ಠ ನಟಿ ಆಸ್ಕರ್ ಬಂತು. ಅದು ನ್ಯಾಯವೇ. ಆದರೆ ಕಠಿಣ ನೃತ್ಯಕ್ಕೆ ಅವರ ಡೂಪ್ ಆಗಿದ್ದವರು ಬ್ಯಾಲೆ ಕಲಾವಿದೆ ಸಾರಾ ಲೇನ್. ಪ್ರಶಸ್ತಿ ಬಂದ ಮೇಲೆ 2011ರಲ್ಲಿ ಜಗಳ ಎದ್ದಿತು. ತನ್ನ ಪಾಲೇ ದೊಡ್ಡದು ಅಂದರು ಲೇನ್. ನಿರ್ದೇಶಕ ಡ್ಯಾರೆನ್ ಅರೊನೊಫ್‌ಸ್ಕಿ ಲೆಕ್ಕ ಮುಂದಿಟ್ಟರು: ಒಟ್ಟು 139 ನೃತ್ಯದ ಷಾಟ್, ಅದರಲ್ಲಿ 111 ಪೋರ್ಟ್‌ಮನ್ ಅವರದು, 28 ಲೇನ್ ಅವರದು.

ಯಾರ ಲೆಕ್ಕ ಸರಿ ಅಂತ ತೀರ್ಪು ಕೊಡೋಕೆ ನಾನ್ಯಾರು? ಆದರೆ 28 ಅಂತಲೇ ಇಟ್ಟುಕೊಳ್ಳಿ. ಆ 28ರ ಹಿಂದೆ ಒಂದು ಇಡೀ ಬಾಲ್ಯ ಇದೆ, ಅಲ್ವಾ? ನಮ್ಮಲ್ಲಿ ಹಾಡು ಕೇಳಿದ ಕೂಡಲೇ ಹಾಡಿದವರು ಯಾರು ಅಂತ ಕೇಳ್ತೀವಿ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅಂತ ಪಟಪಟ ಹೇಳ್ತೀವಿ. ಕಂಠಕ್ಕೆ ಕೊಟ್ಟ ಮರ್ಯಾದೆಯನ್ನು ಕಾಲಿಗೂ ಕೊಟ್ಟರೆ ನಮ್ಮ ಗಂಟೇನು ಹೋಗುತ್ತೆ?

ಷಿಯರರ್ ಮಾತ್ರ ಈ ವಿಷಯದಲ್ಲಿ ಅದೃಷ್ಟವಂತೆ. ಆಕೆ ನಿಜವಾದ ಬ್ಯಾಲೆ ನರ್ತಕಿ. ಮುಖವೂ ಆಕೆಯದೇ, ಕಾಲೂ ಆಕೆಯದೇ. ಷೂ ತೊಡಿಸಿದ್ದು ಮಾತ್ರ ಎಡಿಟರ್‌ನ ಕತ್ತರಿ.

ಮುಂದಿನ ಸಲ ತೆರೆಯ ಮೇಲೆ ಪಾದದ ಕ್ಲೋಸಪ್ ಬಂದಾಗ ಒಂದು ಸಿಳ್ಳೆ ಅದಕ್ಕೂ ಹೊಡೀರಿ. ಮನೆಗೆ ಹೋಗಿ ಪ್ರಯತ್ನ ಮಾತ್ರ ಬೇಡ. ಅನುಭವಸ್ಥ ಹೇಳ್ತಿದ್ದೀನಿ, ಉಗುರು ಸಾಕ್ಷಿ!